ಅಳತೆ ಹಾಕಿ ಬೀಸುವ ಕಾಫಿ ಗ್ರೈಂಡರ್: ಮನೆಗೆ ತರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಗೆ ಬಂದವರ ಕಣ್ಣು ಮೊದಲು ಬೀಳುವುದು ಅಡುಗೆಮನೆಯ ಕಟ್ಟೆಯ ಮೇಲಿನ ಗ್ರೈಂಡರ್ ಮೇಲೆ. ಗುಂಡಿ ಒತ್ತಿದರೆ ಬೇಕಾದಷ್ಟೇ ಕಾಫಿಪುಡಿ ಉದುರಿಸಿ ತಾನಾಗಿಯೇ ನಿಲ್ಲುತ್ತದೆ. ನೋಡಿದವರು ಕೇಳುತ್ತಾರೆ, ಊರಿಗೆ ಹೋಗಿ ಫೋನ್ ಮಾಡುತ್ತಾರೆ, ಜಮಖಂಡಿಯಿಂದಲೂ ಮುದ್ದೇಬಿಹಾಳದಿಂದಲೂ ಕಾಗದ ಬರೆದವರಿದ್ದಾರೆ. ಅವರು ಕೇಳಿದ್ದನ್ನು ಅವರ ಮಾತಿನಲ್ಲೇ ಇಟ್ಟು, ನನಗೆ ತಿಳಿದ ಉತ್ತರ ಬರೆದಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಂಡರೂ ನಡೆಯುತ್ತದೆ.

## ಮೊದಲು ಕೇಳುವವು

ಅಕ್ಕಾರ, ನಾವು ಚಹಾದ ಮಂದಿ. ನಮಗ ಇಂಥಾ ಮಷಿನ್ ಯಾಕ ಬೇಕ್ರಿ?

ಚಹಾದ ಮನೆಗೆ ಬೇಡವೇ ಬೇಡ. ದಿನಕ್ಕೆ ನಾಲ್ಕು ಸಲ ಚಹಾ, ಬೀಗರು ಬಂದಾಗ ಮಾತ್ರ ಕಾಫಿ ಅನ್ನುವವರು ಅಂಗಡಿಯ ಪುಡಿಯನ್ನೇ 100 ಗ್ರಾಂ ತಂದಿಟ್ಟುಕೊಳ್ಳಿ. ದಿನಾ ಎರಡು ಸಲವಾದರೂ ಕಾಫಿ ಮಾಡುವ ಮನೆಯ ಲೆಕ್ಕ ಬೇರೆ. ಹುರಿದ ಬೀಜ ಗಾಳಿಯಾಡದ ಡಬ್ಬಿಯಲ್ಲಿ ಒಂದು ತಿಂಗಳು ಚೆನ್ನಾಗಿರುತ್ತದೆ. ಅದನ್ನೇ ಪುಡಿ ಮಾಡಿಟ್ಟರೆ ಕೆಲವೇ ದಿನಗಳಲ್ಲಿ ಘಮ ಹೋಗುತ್ತದೆ. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ 70 ಭಾಗ ನಮ್ಮ ರಾಜ್ಯದ ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲೇ ಬೆಳೆಯುತ್ತದೆ. ಹುರಿದ ತಾರೀಖು ಬರೆದ ಪೊಟ್ಟಣ ಈಗ ಅಂಚೆಯಲ್ಲಿ ವಿಜಯಪುರದ ಮನೆ ಬಾಗಿಲಿಗೇ ಬರುತ್ತದೆ. ಅಷ್ಟು ಒಳ್ಳೆಯ ಬೀಜ ತರಿಸಿ ಕೆಟ್ಟದಾಗಿ ಬೀಸಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಮನ್ಯಾಗ ಮಿಕ್ಸರ್ ಐತೆಲ್ರಿ, ಅದರಾಗ ಬೀಸಿದ್ರ ಏನಾಕ್ಕೈತಿ?

ಮಿಕ್ಸರ್ ಬೀಸುವುದಿಲ್ಲ, ಕೊಚ್ಚುತ್ತದೆ. ಬ್ಲೇಡಿಗೆ ಸಿಕ್ಕ ಬೀಜ ಧೂಳಾಗುತ್ತದೆ, ಸಿಗದ್ದು ನುಚ್ಚಾಗಿಯೇ ಉಳಿಯುತ್ತದೆ. ನೀರು ಹಾಕಿದಾಗ ಧೂಳು ಅತಿಯಾಗಿ ಇಳಿದು ಕಹಿ ಬಿಡುತ್ತದೆ, ನುಚ್ಚು ಅರ್ಧಂಬರ್ಧ ಇಳಿದು ಹುಳಿ ಬಿಡುತ್ತದೆ. ಒಂದೇ ಲೋಟದಲ್ಲಿ ಎರಡೂ ಸೇರಿರುತ್ತವೆ. ಸಕ್ಕರೆ ಹೆಚ್ಚಿಸಿದರೆ ಅದು ಹೋಗುವುದಿಲ್ಲ.

ಬರ್ ಗ್ರೈಂಡರ್ ನಮಗೆ ಹೊಸದೇನೂ ಅಲ್ಲ. ಬೀಸುವ ಕಲ್ಲೇ ಅದು. ಒಂದು ಕಲ್ಲು ಕದಲದೆ ಕೂತಿರುತ್ತದೆ, ಇನ್ನೊಂದು ತಿರುಗುತ್ತದೆ, ನಡುವಿನ ಸಂದು ಎಷ್ಟಿದೆಯೋ ಅಷ್ಟು ನುಣುಪಾಗುವವರೆಗೆ ಕಾಳು ಹೊರಗೆ ಬರುವುದಿಲ್ಲ. ಕಲ್ಲಿನ ಜಾಗದಲ್ಲಿ ಹಲ್ಲು ಕೊರೆದ ಉಕ್ಕಿನ ಜೋಡಿ ಇರುತ್ತದೆ, ಅದಕ್ಕೇ ಬರ್ ಅನ್ನುವುದು.

ಇಂಡಿ ತಾಲ್ಲೂಕಿನ ನಮ್ಮೂರಲ್ಲಿ ಅವ್ವ ಜೋಳ ಬೀಸುವುದನ್ನು ಎದುರಿಗೇ ಕೂತು ನೋಡಿದವಳು ನಾನು. ಬಲಗೈ ಗೂಟದ ಮೇಲೆ, ಎಡಗೈಯಲ್ಲಿ ಒಂದು ಹಿಡಿ ಬಿಳಿಜೋಳ. ಎರಡು ಸುತ್ತು ತಿರುಗಿಸಿ ಬೆರಳು ಸಡಿಲಿಸಿ ನಾಲ್ಕು ಕಾಳು ಬಿಡುವಳು, ಮತ್ತೆ ಎರಡು ಸುತ್ತು. ಆಟಕ್ಕೆ ಹೋಗುವ ಅವಸರದಲ್ಲಿ ನಾನು ಒಮ್ಮೆ ಎರಡು ಹಿಡಿ ಒಟ್ಟಿಗೆ ಸುರಿದೆ. ಕಲ್ಲಿನ ಸುತ್ತ ಬಿದ್ದ ಹಿಟ್ಟನ್ನು ಅವ್ವ ಬೆರಳಲ್ಲಿ ಉಜ್ಜಿ ನೋಡಿ, "ತರಿ ಬಂತು ನೋಡು, ರೊಟ್ಟಿ ಹರೀತದ" ಅಂದಳು. ಎಷ್ಟು ಕಾಳು, ಎಷ್ಟು ಹೊತ್ತಿಗೆ, ಎಷ್ಟು ಸಂದಿನಲ್ಲಿ. ಈ ಪುಟದಲ್ಲಿ ಮುಂದೆ ಬರುವುದೆಲ್ಲ ಈ ಮೂರರ ಲೆಕ್ಕವೇ.

ಹಿಟ್ಟಿನ ಗಿರಣಿಯಾಗ ಬೀಸಿಸಿಕೊಂಡ ಬಂದ್ರ ನಡೀತೈತೇನು?

ಇಲ್ಲ. ಗಿರಣಿಯಲ್ಲಿ ಹಿಂದಿನವರ ಹಿಟ್ಟು ಉಳಿದಿರುತ್ತದೆ, ಖಾರ ಬೀಸುವ ಗಿರಣಿಯಾದರಂತೂ ಕೇಳುವುದೇ ಬೇಡ. ಪುಡಿ ಬಿಸಿಯಾಗಿ ಹೊರಬರುತ್ತದೆ, ಕಾಫಿಯ ವಾಸನೆ ಅಲ್ಲೇ ಹಾರಿಹೋಗುತ್ತದೆ. ಮನೆಯಲ್ಲೇ ಇಟ್ಟುಕೊಳ್ಳುವ ಸಣ್ಣ ಗಿರಣಿಗಳಲ್ಲಿ ಹೆಚ್ಚಿನವು ಕಾಳನ್ನು ಬಡಿದು ಜಾಳಿಗೆಯಿಂದ ಇಳಿಸುವಂಥವು. ಕಾಫಿ ಎಣ್ಣೆ ಬಿಡುವ ಬೀಜ, ಜಾಳಿಗೆ ಕಟ್ಟಿಕೊಳ್ಳುತ್ತದೆ, ಮರುದಿನದ ಜೋಳದ ಹಿಟ್ಟೂ ಕೆಡುತ್ತದೆ.

ಆಟೊ ಡೋಸಿಂಗ್ ಅಂತಾರಲ್ಲ, ಅದು ತೂಗಿ ಕೊಡತೈತೇನು?

ಆಟೊ ಡೋಸಿಂಗ್ ಅಂದರೆ ಒಂದು ಸಲಕ್ಕೆ ಬೇಕಾದಷ್ಟು ಪುಡಿಯನ್ನು ಯಂತ್ರವೇ ಅಳೆದು ಕೊಡುವುದು. ಎಲ್ಲವೂ ತೂಗುವುದಿಲ್ಲ. ಇದೊಂದನ್ನು ತಿಳಿದುಕೊಳ್ಳದೆ ದುಡ್ಡು ಕೊಟ್ಟು ಆಮೇಲೆ ಬೇಸರಪಟ್ಟವರು ಬಹಳ.

ಒಂದು ಬಗೆ ಹಳೆಯ ಹೋಟೆಲುಗಳದ್ದು. ಬೀಸಿದ ಪುಡಿ ಪಕ್ಕದ ಡಬ್ಬಿಯಲ್ಲಿ ತುಂಬಿಕೊಳ್ಳುತ್ತದೆ, ಒಳಗೆ ನಕ್ಷತ್ರದ ಆಕಾರದ ಖಾನೆಗಳು, ಹಿಡಿ ಎಳೆದರೆ ಒಂದು ಖಾನೆಯ ಪುಡಿ, ಹೆಚ್ಚುಕಡಿಮೆ 7 ಗ್ರಾಂ, ಬೀಳುತ್ತದೆ. ದಿನಕ್ಕೆ ನೂರಾರು ಕಪ್ ಹೋಗುವ ಕಡೆಗೆ ಸರಿ. ಮನೆಯಲ್ಲಿ ಆ ಪುಡಿ ಡಬ್ಬಿಯಲ್ಲೇ ಕೂತು ಹಳಸುತ್ತದೆ.

ಎರಡನೆಯದು ಹೊತ್ತಿನ ಲೆಕ್ಕದ್ದು. ಇಷ್ಟು ಸೆಕೆಂಡ್ ತಿರುಗು, ನಿಲ್ಲು ಎಂದು ಹೇಳಿಡುತ್ತೀರಿ. ಮನೆಗೆ ಬರುವ ಆಟೊ ಡೋಸಿಂಗ್ ಗ್ರೈಂಡರ್‌ಗಳಲ್ಲಿ ಹೆಚ್ಚಿನವು ಇವೇ. ಇದಕ್ಕೆ ಗ್ರಾಂ ಗೊತ್ತಿಲ್ಲ, ಗಡಿಯಾರ ಮಾತ್ರ ಗೊತ್ತು. ಮೂರನೆಯದರ ಅಡಿಯಲ್ಲಿ ನಿಜವಾಗಿಯೂ ತಕ್ಕಡಿ ಇರುತ್ತದೆ. ಬೀಳುವ ಪುಡಿಯನ್ನು ತೂಗುತ್ತಲೇ ಇದ್ದು, ಹೇಳಿದ ತೂಕ ಮುಟ್ಟುವ ಹೊತ್ತಿಗೆ ಮೋಟರ್ ನಿಲ್ಲಿಸುತ್ತದೆ. ಬೆಲೆ ಜಾಸ್ತಿ. ಡಬ್ಬದ ಮೇಲೆ "ಕಪ್ ಆಯ್ಕೆ" ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ ಎರಡನೆಯ ಬಗೆಯದು ಅಂತಲೇ ತಿಳಿಯಿರಿ.

## ಕೊಳ್ಳುವ ಮುಂಚೆ

ಕೈಯಿಂದ ತಿರುವೂ ಗ್ರೈಂಡರ್, ಒಂದು ಸಣ್ಣ ತಕ್ಕಡಿ ಇದ್ರ ಸಾಕಲ್ಲೇನು?

ಇಬ್ಬರೇ ಇರುವ ಮನೆಗೆ ಸಾಕು. ನನ್ನ ತಂಗಿ ಬಾಗಲಕೋಟೆಯ ನವನಗರದಲ್ಲಿ ಅದನ್ನೇ ಇಟ್ಟುಕೊಂಡಿದ್ದಾಳೆ, ಅವಳ ಕಾಫಿ ನಮ್ಮದಕ್ಕಿಂತ ಒಂದು ಕೂದಲೂ ಕಡಿಮೆಯಿಲ್ಲ. ಬೀಜವನ್ನೇ ತೂಗಿ ಹಾಕಿದರೆ ಬರುವ ಪುಡಿಯ ತೂಕವೂ ಅದೇ, ಅದಕ್ಕಿಂತ ನಂಬಿಕೆಯ ಡೋಸಿಂಗ್ ಬೇರೆ ಇಲ್ಲ. ಕೆಲವೇ ಸಾವಿರ ರೂಪಾಯಿಗೆ ಬರುವ ಉಕ್ಕಿನ ಬರ್‌ನ ಕೈಗ್ರೈಂಡರ್ ಅದಕ್ಕಿಂತ ಬಹಳ ಬೆಲೆಯ ವಿದ್ಯುತ್ ಗ್ರೈಂಡರ್‌ಗೆ ಸಮನಾಗಿ ಬೀಸುತ್ತದೆ, ಮೋಟರಿಗೆ ದುಡ್ಡು ಹೋಗುವುದಿಲ್ಲವಲ್ಲ.

ಯಂತ್ರ ಬೇಕಾಗುವುದು ಕೈಗಳು ಹೆಚ್ಚಾದಾಗ. ನಮ್ಮ ಮನೆಯಲ್ಲಿ ಬೆಳಿಗ್ಗೆ ಐದೂವರೆಗೆ ಅತ್ತೆಯವರು ಡಿಕಾಕ್ಷನ್ ಹಾಕುತ್ತಾರೆ, ಎಂಟಕ್ಕೆ ನಾನು, ಸಂಜೆ ಮಗಳು. ಮೊದಲು ಮೂವರ ಚಮಚವೂ ಬೇರೆ ಬೇರೆ. ಅತ್ತೆಯವರ ಚಮಚ ಗೋಪುರ, ಮಗಳದ್ದು ಅಂಗಳ. "ಇವತ್ತು ಯಾರು ಮಾಡಿದ್ದು?" ಅಂತ ಕೇಳದೆ ನಮ್ಮವರು ಒಂದು ಗುಟುಕೂ ಕುಡಿಯುತ್ತಿರಲಿಲ್ಲ. ಯಂತ್ರ ಬಂದ ಮೇಲೆ ಆ ಪ್ರಶ್ನೆ ನಿಂತಿತು. ಅತ್ತೆಯವರಿಗೆ ಕೀಲುನೋವು, ಕೈಗ್ರೈಂಡರ್ ತಿರುಗಿಸಲಾಗುವುದಿಲ್ಲ. ತಕ್ಕಡಿಯ ಸಣ್ಣ ಅಂಕಿ ಅವರ ಕಣ್ಣಿಗೆ ಹತ್ತುವುದಿಲ್ಲ. ಆದರೆ ಒಂದು ಗುಂಡಿ ಒತ್ತಬಲ್ಲರು. ನಮ್ಮ ಮನೆಗೆ ಈ ಯಂತ್ರ ಬಂದದ್ದು ಅವರ ಸಲುವಾಗಿ.

ಬರೇ ಫಿಲ್ಟರ್ ಕಾಫಿ ಮಾಡ್ತೀವಿ. ಅಳತಿ ಅಷ್ಟ ನಿಕ್ಕಿ ಇರಬೇಕೇನು?

ಎಸ್ಪ್ರೆಸೊದಷ್ಟು, ಅಂದರೆ ಒತ್ತಡದಿಂದ ಬಿಸಿನೀರು ಹಾಯಿಸಿ ಇಳಿಸುವ ಗಟ್ಟಿ ಕಾಫಿಯಷ್ಟು, ಬೇಡ. ಎಸ್ಪ್ರೆಸೊದಲ್ಲಿ 18 ಗ್ರಾಂ ಪುಡಿಯಿಂದ 36 ಗ್ರಾಂ ಕಾಫಿ 25ರಿಂದ 30 ಸೆಕೆಂಡಿನಲ್ಲಿ ಇಳಿಯಬೇಕು ಎಂಬುದು ಎಲ್ಲರೂ ಹಿಡಿದು ಹೊರಡುವ ಲೆಕ್ಕ. ಅಲ್ಲಿ ಅರ್ಧ ಗ್ರಾಂ ಆಚೀಚೆಯಾದರೂ ನೀರು ಓಡುವ ವೇಗ ಬದಲಾಗುತ್ತದೆ, ನಾಲಿಗೆಗೆ ಗೊತ್ತಾಗುತ್ತದೆ. ಹಳೆಯ ಅಳತೆಯಲ್ಲಿ ಹೇಳುವುದಾದರೆ 18 ಗ್ರಾಂ ಅಂದರೆ ಒಂದೂವರೆ ತೊಲಕ್ಕಿಂತ ಚೂರು ಹೆಚ್ಚು. ಬಂಗಾರ ತೂಗುವಷ್ಟೇ ಜಾಗ್ರತೆ ಬೇಕಾಗುತ್ತದೆ.

ಹಿತ್ತಾಳೆಯ ಅಥವಾ ಸ್ಟೀಲಿನ ಫಿಲ್ಟರಿನಲ್ಲಿ ನೀರು ತನ್ನ ಭಾರಕ್ಕೇ ಇಳಿಯುತ್ತದೆ. ನಾನು ನಾಲ್ಕು ಸಣ್ಣ ಲೋಟಕ್ಕೆ 24 ಗ್ರಾಂ ಪುಡಿ ಹಾಕುತ್ತೇನೆ. ಅದು 23 ಆದರೂ 25 ಆದರೂ ಹಾಲು ಬೆರೆತ ಮೇಲೆ ಯಾರಿಗೂ ತಿಳಿಯುವುದಿಲ್ಲ. ಇಲ್ಲಿ ನುಣುಪು ಹೆಚ್ಚು ಮುಖ್ಯ. ಸಣ್ಣ ರವೆಗಿಂತ ನುಣ್ಣಗೆ, ಹಿಟ್ಟಿಗಿಂತ ತರಿ. ಹಿಟ್ಟಾದರೆ ತೂತು ಕಟ್ಟಿ ಬೆಳಗಾದರೂ ಡಿಕಾಕ್ಷನ್ ಇಳಿಯುವುದಿಲ್ಲ, ತರಿ ಹೆಚ್ಚಾದರೆ ಐದೇ ನಿಮಿಷಕ್ಕೆ ಸುರಿದು ಕೆಂಪು ನೀರಾಗುತ್ತದೆ. ಹಾಗಾಗಿ ಬರೀ ಫಿಲ್ಟರಿನವರು ತಕ್ಕಡಿಯ ಯಂತ್ರಕ್ಕೆ ದುಡ್ಡು ಸುರಿಯಬೇಡಿ, ಹೊತ್ತಿನ ಲೆಕ್ಕದ್ದು ಧಾರಾಳ ಸಾಕು.

ಚಪ್ಪಟೆ ಬರ್ ಛಲೋನೋ, ಶಂಕುವಿನಂಥದ್ದು ಛಲೋನೋ? ಉಕ್ಕೋ, ಸೆರಾಮಿಕ್ಕೋ?

ಉಕ್ಕು. ಸೆರಾಮಿಕ್ ಗಟ್ಟಿ, ಆದರೆ ಒಂದು ಕಲ್ಲು ಸಿಕ್ಕರೆ ಹಲ್ಲು ಸಿಡಿಯುತ್ತದೆ. ಆಕಾರದ ವಿಷಯದಲ್ಲಿ ತಲೆ ಬಿಸಿ ಮಾಡಿಕೊಳ್ಳಬೇಡಿ. ಮನೆಯ ಬಳಕೆಗೆ ಶಂಕುವಿನಾಕಾರದ್ದು ಸಾಮಾನ್ಯವಾಗಿ ಅಗ್ಗ. ಚಪ್ಪಟೆಯದು ಎಸ್ಪ್ರೆಸೊ, ಪೋರ್‌ಓವರ್ (ಮೇಲಿನಿಂದ ಬಿಸಿನೀರು ಸುರಿದು ಸೋಸುವ ಕಾಫಿ) ಕುಡಿಯುವವರು ಹುಡುಕಿಕೊಂಡು ಹೋಗುವುದು, ರುಚಿಗಳು ಬಿಡಿಬಿಡಿಯಾಗಿ ತಿಳಿಯುತ್ತವೆ ಎನ್ನುತ್ತಾರೆ. ಹಾಲಿನ ಕಾಫಿಯಲ್ಲಿ ನನ್ನ ನಾಲಿಗೆಗೆ ಆ ವ್ಯತ್ಯಾಸ ಸಿಕ್ಕಿಲ್ಲ.

ಒಂದರಾಗ 40 ಸೆಟ್ಟಿಂಗ್, ಇನ್ನೊಂದರಾಗ 60 ಅಂತ ಬರದಾರ. ಹೆಚ್ಚಿದ್ದದ್ದೇ ತಗೋಬೇಕೇನು?

ಸೆಟ್ಟಿಂಗ್ ಅಂದರೆ ನುಣುಪು ಬದಲಿಸುವ ಮೆಟ್ಟಿಲು. ಎಣಿಕೆಗಿಂತ ನಿಮಗೆ ಬೇಕಾದ ಜಾಗದಲ್ಲಿ ಮೆಟ್ಟಿಲು ಎಷ್ಟು ಒತ್ತೊತ್ತಾಗಿವೆ ಅನ್ನುವುದನ್ನು ನೋಡಿ. ಬರಾಟ್ಜಾ ಎನ್‌ಕೋರ್ ಎಂಬ ಗ್ರೈಂಡರ್‌ಗೆ 40 ಮೆಟ್ಟಿಲು, ಫಿಲ್ಟರಿಗೂ ಫ್ರೆಂಚ್ ಪ್ರೆಸ್ಸಿಗೂ (ಪುಡಿ ನೆನೆಸಿ ಜಾಲರಿ ಒತ್ತಿ ಸೋಸುವ ಪಾತ್ರೆ) ಬೇಕಾದಷ್ಟಾಯಿತು. ಆದರೆ ಅದಕ್ಕೆ ಡೋಸಿಂಗ್ ಇಲ್ಲ, ನೀವೇ ನಿಲ್ಲಿಸಬೇಕು. ಬ್ರೆವಿಲ್ ಸ್ಮಾರ್ಟ್ ಗ್ರೈಂಡರ್ ಪ್ರೊಗೆ 60 ಮೆಟ್ಟಿಲು, ಹೊತ್ತನ್ನು ಸೆಕೆಂಡಿನ 0.2ರಷ್ಟು ಹೆಚ್ಚುಕಡಿಮೆ ಮಾಡಬಹುದು. ಬರಾಟ್ಜಾ ಸೆಟ್ಟೆ 270ರಲ್ಲಿ ಮೂರು ಹೊತ್ತುಗಳನ್ನು ನೆನಪಿನಲ್ಲಿಡಬಹುದು, ಮೆಟ್ಟಿಲುಗಳ ನಡುವೆ ಇನ್ನೂ ಸಣ್ಣಗೆ ತಿರುಗಿಸುವ ಬಳೆಯೊಂದು ಬೇರೆ ಇದೆ. ಯುರೇಕಾ ಮಿನ್ಯೋನ್ ಸ್ಪೆಷಲಿಟಾದಲ್ಲಿ 55 ಮಿ.ಮೀ. ಚಪ್ಪಟೆ ಬರ್, ಅದರಲ್ಲಿ ಮೆಟ್ಟಿಲೇ ಇಲ್ಲ, ರೇಡಿಯೋದ ಗುಂಡಿಯಂತೆ ಎಲ್ಲಿ ಬೇಕಾದರೂ ನಿಲ್ಲುತ್ತದೆ.

ಮೆಟ್ಟಿಲಿಲ್ಲದ್ದು ಎಸ್ಪ್ರೆಸೊಗೆ ವರ. ಬೆಳಿಗ್ಗೆ ಫಿಲ್ಟರ್, ಸಂಜೆ ಎಸ್ಪ್ರೆಸೊ ಅಂತ ಹಿಂದೆ ಮುಂದೆ ತಿರುಗಿಸುವ ಮನೆಗೆ ಅದು ತಾಪತ್ರಯ, ಹಳೆಯ ಜಾಗ ಮತ್ತೆ ಸಿಗುವುದಿಲ್ಲ. ಅಂಥವರಿಗೆ ಸ್ಪಷ್ಟ ಅಂಕಿಗಳಿರುವ ಮೆಟ್ಟಿಲಿನದೇ ಸರಿ.

ಮಗ ಅಮೆರಿಕಾದಿಂದ ತರ್ತೀನಿ ಅಂತಾನ. ತರಿಸ್ಲೇನು?

ಬೇಡ ಅನ್ನಿ. ಅಲ್ಲಿ 120 ವೋಲ್ಟ್, 60 ಹರ್ಟ್ಸ್. ಇಲ್ಲಿ 230 ವೋಲ್ಟ್, 50 ಹರ್ಟ್ಸ್. ನಮ್ಮ ಸೋದರಳಿಯ ಪ್ರೀತಿಯಿಂದ ಒಂದನ್ನು ಹೊತ್ತು ತಂದಿದ್ದ. ಅಡಾಪ್ಟರ್ ಹಾಕಿದರೆ ಸಾಕು ಎಂದು ಅಂಗಡಿಯವರು ಹೇಳಿದ್ದನ್ನು ನಂಬಿದೆವು. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜ್ ಇಳಿಸುವುದಿಲ್ಲ. ಗುಂಡಿ ಒತ್ತಿದೊಡನೆ ಯಂತ್ರ ಕಿರುಚಿತು, ಮೋಟರಿನ ಸಂದಿಯಿಂದ ಎಳೆ ಎಳೆಯಾಗಿ ಹೊಗೆ ಬಂತು, ಎರಡು ದಿನ ಅಡುಗೆಮನೆಯಲ್ಲಿ ಸುಟ್ಟ ವಾರ್ನಿಶಿನ ವಾಸನೆ. ಆ ಹುಡುಗನ ಮುಖ ನೋಡಲಾಗಲಿಲ್ಲ.

ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇಟ್ಟರೂ 50 ಹರ್ಟ್ಸ್ ಹಾಗೇ ಉಳಿಯುತ್ತದೆ. ಇಂಡಕ್ಷನ್ ಮೋಟರ್ ಆಗಿದ್ದರೆ ಆರು ಸುತ್ತು ತಿರುಗುವ ಕಡೆ ಐದು ತಿರುಗುತ್ತದೆ. ದುರಸ್ತಿಗೂ ಇಲ್ಲಿ ಯಾರೂ ಮುಟ್ಟುವುದಿಲ್ಲ. ಬರ್ ಜೋಡಿ, ರಬ್ಬರ್ ವಾಷರ್ ಇಲ್ಲೇ ಸಿಗುವ ಯಂತ್ರ ಒಂದು ಗುಣ ಕಡಿಮೆಯಿದ್ದರೂ ಅದೇ ಮೇಲು.

ಸಂಜಿ ಮುಂದ ನಮ್ಮೂರಾಗ ವೋಲ್ಟೇಜ್ ಇಳೀತೈತಿ. ಅಳತಿ ತಪ್ಪತೈತೇನು?

ಹೊತ್ತಿನ ಲೆಕ್ಕದ ಯಂತ್ರದಲ್ಲಿ ತಪ್ಪಬಹುದು. ಕಾರ್ಬನ್ ಬ್ರಶ್ ಇರುವ ಮೋಟರ್ ವೋಲ್ಟೇಜ್ ಇಳಿದಾಗ ನಿಧಾನವಾಗುತ್ತದೆ, ಅದೇ ಎಂಟು ಸೆಕೆಂಡಿಗೆ ಕಡಿಮೆ ಪುಡಿ ಬೀಳುತ್ತದೆ. ಬೇಸಿಗೆಯ ಒಂದು ಸಂಜೆ ದೀಪ ಮಂಕಾದಾಗ ತೂಗಿ ನೋಡಿದೆ, ಬೆಳಗಿನದಕ್ಕಿಂತ ಒಂದೂವರೆ ಗ್ರಾಂ ಕಡಿಮೆ. ಪಂಪ್‌ಸೆಟ್ ಲೈನಿನ ಹತ್ತಿರ ಇರುವವರು ಒಂದು ಸಣ್ಣ ಸ್ಟೆಬಿಲೈಸರ್ ಇಟ್ಟುಕೊಳ್ಳಿ, ಇಲ್ಲವೇ ತಕ್ಕಡಿಯ ಯಂತ್ರ ತೆಗೆದುಕೊಳ್ಳಿ. ಅದಕ್ಕೆ ಎಷ್ಟು ಹೊತ್ತಾದರೂ ಚಿಂತೆಯಿಲ್ಲ, ತೂಕ ಬಂದಾಗಲೇ ನಿಲ್ಲುತ್ತದೆ.

ಬೀಸುತ್ತಿರುವಾಗಲೇ ಕರೆಂಟ್ ಹೋದರೆ ಗುಂಡಿ ಆಫ್ ಮಾಡಿ. ಬಂದ ಮೇಲೆ ಬರ್ ನಡುವೆ ಸಿಕ್ಕ ಬೀಜ ಮೋಟರನ್ನು ಹಿಡಿದುಕೊಂಡಿರುತ್ತದೆ. ನಾಲ್ಕೈದು ಮೆಟ್ಟಿಲು ತರಿಯ ಕಡೆಗೆ ಸರಿಸಿ ಒಮ್ಮೆ ಓಡಿಸಿ, ಆಮೇಲೆ ಮೊದಲಿನ ಜಾಗಕ್ಕೆ ತನ್ನಿ.

## ಮನೆಗೆ ಬಂದ ಮೇಲೆ

ಸೆಕೆಂಡ್ ಎಷ್ಟ ಇಡಬೇಕಂತ ಹ್ಯಾಂಗ ಗೊತ್ತಾಗಬೇಕು? ಪುಸ್ತಕದಾಗ ಏನೂ ಬರದಿಲ್ಲ.

ಪುಸ್ತಕದವರು ಬರೆಯಲಾರರು, ಅವರಿಗೆ ನಿಮ್ಮ ಬೀಜ ಗೊತ್ತಿಲ್ಲ. ಅರ್ಧ ತಾಸು ಬಿಡುವು ಮಾಡಿಕೊಂಡು ನೀವೇ ಕೂತು ಹೊಂದಿಸಬೇಕು. 0.1 ಗ್ರಾಂ ತೋರಿಸುವ ತಕ್ಕಡಿ ಬೇಕು, ತರಕಾರಿ ತೂಗುವುದು ಆಗುವುದಿಲ್ಲ.

ಮೊದಲು ನುಣುಪು ಹೊಂದಿಸಿಕೊಳ್ಳಿ. ಒಂದು ಸಲ ಕಾಫಿ ಇಳಿಸಿ ನೋಡಿ, ಸರಿಯಾಗಿ ಇಳಿಯುವ ಅಂಕಿ ಸಿಕ್ಕ ಮೇಲೆ ಅದನ್ನು ಮುಟ್ಟಬೇಡಿ. ಹಾಪರ್, ಅಂದರೆ ಮೇಲೆ ಬೀಜ ತುಂಬುವ ಡಬ್ಬಿ, ಅರ್ಧದಷ್ಟು ತುಂಬಿ. ಹೊತ್ತನ್ನು 10 ಸೆಕೆಂಡಿಗೆ ಇಟ್ಟು ಒಂದು ಸಲ ಬೀಸಿ, ಆ ಪುಡಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದರಲ್ಲಿ ನಿನ್ನೆಯ ಉಳಿಕೆ ಇರುತ್ತದೆ. ಆಮೇಲೆ ಮೂರು ಸಲ ಬೀಸಿ ಮೂರೂ ತೂಕ ಬರೆದುಕೊಳ್ಳಿ. ನನಗೆ ಬಂದದ್ದು 21.4, 22.1, 21.6. ಸರಾಸರಿ 21.7, ಅಂದರೆ ಸೆಕೆಂಡಿಗೆ 2.17 ಗ್ರಾಂ. ನನಗೆ ಎಸ್ಪ್ರೆಸೊಗೆ 18 ಗ್ರಾಂ ಬೇಕು, 18ನ್ನು 2.17ರಿಂದ ಭಾಗಿಸಿದರೆ 8.3 ಸೆಕೆಂಡ್. ಫಿಲ್ಟರಿಗೂ ಹೀಗೇ ಅದರ ನುಣುಪಿನಲ್ಲಿ ಬೇರೆ ಲೆಕ್ಕ ಹಾಕಿ ಎರಡನೆಯ ಗುಂಡಿಗೆ ಇಟ್ಟೆ.

ಆ ಚೀಟಿಯನ್ನು ಹಾಪರಿನ ಪಕ್ಕ ಅಂಟಿಸಿ: ಯಾವ ಬೀಜ, ಯಾವ ಅಂಕಿ, ಎಷ್ಟು ಸೆಕೆಂಡ್. ನಮ್ಮದರ ಮೇಲೆ ಈಗ ಒಂದರ ಮೇಲೊಂದು ಏಳು ಚೀಟಿಗಳಿವೆ.

ಸೆಟ್ಟಿಂಗ್ ಮುಟ್ಟಿಲ್ಲ, ಆದ್ರೂ ನಿನ್ನಿ 18 ಬಂದದ್ದು ಇವತ್ತ 15 ಬಂತು. ಮಷಿನ್ ಕೆಟ್ಟೈತೇನು?

ಮೊದಲು ಹಾಪರ್ ನೋಡಿ. ಬೀಜ ತಳ ಮುಟ್ಟಿದ್ದರೆ ಮೇಲಿನಿಂದ ಒತ್ತುವ ಭಾರ ಇಲ್ಲ, ಬೀಜ ಹುರಿಗಡಲೆಯಂತೆ ಕುಣಿಯುತ್ತದೆ, ಬರ್ ಅರ್ಧ ಖಾಲಿ ತಿರುಗುತ್ತದೆ. ಮೂರರಲ್ಲಿ ಒಂದು ಪಾಲಾದರೂ ಬೀಜ ಇರಲೇಬೇಕು. ಹಾಗಂತ ತಿಂಗಳದ್ದೆಲ್ಲ ತುಂಬಿಡಬೇಡಿ, ಮೂರು ನಾಲ್ಕು ದಿನದ್ದು ಹಾಕಿ ಉಳಿದದ್ದನ್ನು ಡಬ್ಬಿಯಲ್ಲಿಡಿ.

ಬೀಜ ಬದಲಿಸಿದ್ದರೂ ಹೀಗಾಗುತ್ತದೆ. ಕಪ್ಪಗೆ ಹುರಿದದ್ದು ಹಗುರ, ಎಣ್ಣೆ ಬಿಟ್ಟು ಹಾಪರಿಗೆ ಅಂಟುತ್ತದೆ. ತಿಳಿಯಾಗಿ ಹುರಿದದ್ದು ಗಟ್ಟಿ, ಬೀಸಲು ಹೊತ್ತು ಹಿಡಿಯುತ್ತದೆ. ಒಂದು ಮೆಟ್ಟಿಲು ನುಣ್ಣಗೆ ಮಾಡಿದರೆ ಪುಡಿ ನಿಧಾನ ಬೀಳುತ್ತದೆ, ಅದೇ ಹೊತ್ತಿಗೆ ತೂಕ ಇಳಿಯುತ್ತದೆ. ನುಣುಪು ಬದಲಿಸಿದಾಗಲೆಲ್ಲ ಸೆಕೆಂಡನ್ನೂ ಹೊಸದಾಗಿ ತೂಗಿ ಇಡಬೇಕು. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಒಂದು ತಿಂಗಳು ಬೀಜ ಮಾರಿದವರನ್ನು ಬಯ್ದುಕೊಂಡಿದ್ದೆ. ತಪ್ಪು ಅವರದಾಗಿರಲಿಲ್ಲ.

ಚಿಕೋರಿ ಕೂಡೇ ಹಾಕಿ ಬೀಸಬಹುದೇನ್ರಿ?

ಕೂಡದು. ಹುರಿದ ಚಿಕೋರಿ ಗಾಳಿಯ ತೇವ ಹೀರಿ ಬೆಲ್ಲದಂತೆ ಅಂಟಾಗುತ್ತದೆ, ಬರ್ ಹಲ್ಲಿಗೆ ಮೆತ್ತಿಕೊಂಡರೆ ಬಿಚ್ಚಿ ಕೆರೆಯುವುದೊಂದೇ ದಾರಿ. ಬೀಸಿದ ಚಿಕೋರಿ ಬೇರೆ ತಂದು, ಕಾಫಿ ಬೀಸಿದ ಮೇಲೆ ಫಿಲ್ಟರಿಗೆ ಹಾಕುವಾಗ ಬೆರೆಸಿ. ಅಂಗಡಿಯ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದು ಎಂಬುದು ಕಾನೂನು, ಅಂದರೆ 49ರವರೆಗೆ ಚಿಕೋರಿ ಇರಬಹುದು. ಮನೆಯಲ್ಲಿ ಬೀಸಿದರೆ ಆ ಪಾಲು ನಿಮ್ಮ ಕೈಯಲ್ಲಿರುತ್ತದೆ. ಅತ್ತೆಯವರಿಗೆ ನೂರಕ್ಕೆ 15, ನಮಗೆ ಇಲ್ಲವೇ ಇಲ್ಲ.

ಬೀಜದಾಗ ಕಲ್ಲು ಬಂದ್ರ?

ಬರುತ್ತದೆ. ತೋಟಗಳಲ್ಲಿ ಕಾಫಿಯನ್ನು ಕಣದಲ್ಲಿ ಒಣಗಿಸುತ್ತಾರೆ, ಎಷ್ಟು ಆರಿಸಿದರೂ ಒಂದು ಸಣ್ಣ ಕಲ್ಲು ಉಳಿದುಬಿಡುತ್ತದೆ. ಅಕ್ಕಿ ಆರಿಸಿದಂತೆ ಪರಾತದಲ್ಲಿ ಹರಡಿ, ಬೆಳಕಿಗೆ ಹಿಡಿದು, ಬೆರಳಾಡಿಸಿ ಆಮೇಲೆ ಹಾಪರಿಗೆ ಸುರಿಯಿರಿ. ಹುರಿದ ಬೀಜದ ನಡುವೆ ಕಲ್ಲು ತಣ್ಣಗೆ, ಭಾರವಾಗಿ ಬೆರಳಿಗೇ ತಿಳಿಯುತ್ತದೆ. ಬೀಸುವಾಗ ಟಕ್ ಎಂದು ಲೋಹದ ಸದ್ದು ಬಂದು ಮೋಟರ್ ನಿಂತರೆ ತಕ್ಷಣ ಪ್ಲಗ್ ಕೀಳಿ, ಮತ್ತೆ ಮತ್ತೆ ಗುಂಡಿ ಒತ್ತಬೇಡಿ.

ಚಳಿಗಾಲದಾಗ ಪುಡಿ ಹಾರಿ ಕಟ್ಟಿ ತುಂಬ ಬೀಳತೈತಿ, ಮಳಿಗಾಲದಾಗ ಬಾಯಾಗ ಕಟಗೊಂಡ ಕೂಡತೈತಿ. ಏನ ಮಾಡಬೇಕು?

ಎರಡೂ ಗಾಳಿಯ ತೇವದ ಆಟ. ವಿಜಯಪುರದ ಒಣ ಗಾಳಿಯಲ್ಲಿ ಬೀಜ ಉಜ್ಜಿದಾಗ ಸ್ಥಾಯೀ ವಿದ್ಯುತ್ ಹುಟ್ಟುತ್ತದೆ, ಸ್ವೆಟರ್ ತೆಗೆಯುವಾಗ ಚಟಚಟ ಅನ್ನುವುದಲ್ಲ, ಅದೇ. ಪುಡಿ ಒಂದನ್ನೊಂದು ತಳ್ಳಿ ಎಲ್ಲೆಂದರಲ್ಲಿ ಅಂಟುತ್ತದೆ. ಮದ್ದು ಸುಲಭ: ಚಮಚದ ಹಿಂಬದಿಯನ್ನು ನೀರಲ್ಲಿ ಅದ್ದಿ, ಕೊಡವಿ, ಆ ಒದ್ದೆಯಿಂದ ಬೀಜ ಒಮ್ಮೆ ಕಲಕಿ. ಒಂದು ಹನಿ, ಹೆಚ್ಚಲ್ಲ. ಒಂದು ಸಲಕ್ಕೆ ಬೇಕಾದಷ್ಟೇ ಬೀಜ ತೂಗಿ ಹಾಕಿ ಬೀಸುವಾಗ ಮಾತ್ರ ಇದನ್ನು ಮಾಡಿ, ತುಂಬಿದ ಹಾಪರಿಗೆ ನೀರು ತೋರಿಸಬೇಡಿ.

ಬೆಳಗಾವಿಯ ಮಳೆಗಾಲ ಇದಕ್ಕೆ ಪೂರ್ತಿ ಉಲ್ಟಾ. ಜುಲೈನಲ್ಲಿ ಉಪ್ಪಿನ ಡಬ್ಬಿಯೇ ನೀರೊಡೆಯುವ ಊರು ಇದು. ಪುಡಿ ಬೀಳುವ ಕೊಳವೆಯ ಒಳಗೆ ಒದ್ದೆ ಪುಡಿ ಪದರ ಪದರವಾಗಿ ಕಟ್ಟುತ್ತದೆ, ದಾರಿ ಕಿರಿದಾಗಿ ಡೋಸ್ ದಿನೇ ದಿನೇ ಇಳಿಯುತ್ತದೆ. ಒಂದು ಬೆಳಿಗ್ಗೆ ಬ್ರಶ್ ಹಾಕಿ ತಿರುವಿದಾಗ ಹೆಬ್ಬೆರಳಿನಷ್ಟು ದಪ್ಪದ ಕರಿ ಗಟ್ಟಿ ಉದುರಿತು, ಮುರಿದು ಮೂಸಿದರೆ ಹಳೆ ಗೋಣಿಚೀಲದ ವಾಸನೆ. ಅಷ್ಟು ದಿನ ಅದನ್ನೇ ಹಾಯ್ದು ಬಂದ ಪುಡಿಯನ್ನು ಕುಡಿದಿದ್ದೆವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ದಿನಕ್ಕೊಮ್ಮೆ ಕೊಳವೆಗೆ ಒಣ ಬ್ರಶ್ ಹಾಕಿ.

ಅಕ್ಕಿ ಹಾಕಿ ಬೀಸಿದ್ರ ಸ್ವಚ್ಛ ಆಕ್ಕೈತಿ ಅಂತಾರಲ್ಲ?

ಹಸಿ ಅಕ್ಕಿ ಹುರಿದ ಕಾಫಿಗಿಂತ ಎಷ್ಟೋ ಗಟ್ಟಿ. ಸಣ್ಣ ಮೋಟರಿಗೆ ಹೊರೆ, ಮೇಲೆ ಪಿಷ್ಟ ಒಳಗೆ ಉಳಿಯುತ್ತದೆ. ಪ್ಲಗ್ ತೆಗೆದು, ಹಾಪರ್ ಬಿಚ್ಚಿ, ಮೇಲಿನ ಬರ್ ಎತ್ತಿ ಗಟ್ಟಿ ಕೂದಲಿನ ಬ್ರಶ್‌ನಿಂದ ಉಜ್ಜಿ. ಬರ್‌ಗೆ ನೀರು ಬೇಡ. ದಿನಾ 20 ಗ್ರಾಂ ಬೀಸುವ ಮನೆಯಲ್ಲಿ ವರ್ಷಕ್ಕೆ 7.3 ಕಿಲೋ ಆಯಿತು. ಒಳ್ಳೆಯ ಉಕ್ಕಿನ ಬರ್‌ಗೆ ಅದು ಏನೂ ಅಲ್ಲ, ಹಲ್ಲು ಸವೆಯುವ ಮುಂಚೆ ಹೊಲಸಿನಿಂದಲೇ ರುಚಿ ಕೆಡುತ್ತದೆ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಬೆಳಗಿನ ಮೊದಲ ಕಪ್ ಯಾವಾಗಲೂ ಸಪ್ಪೆ, ಎರಡನೆಯದು ಚೆನ್ನಾಗಿರುತ್ತದೆ. ಯಾಕೆ?

ಬರ್ ಮತ್ತು ಕೊಳವೆಯ ನಡುವೆ ಪ್ರತಿ ಸಲವೂ ಸ್ವಲ್ಪ ಪುಡಿ ಉಳಿಯುತ್ತದೆ. ಬೆಳಿಗ್ಗೆ ಮೊದಲು ಬೀಳುವುದು ನಿನ್ನೆ ಸಂಜೆಯದು. ಹೊತ್ತಿನ ಯಂತ್ರಕ್ಕಾಗಲಿ ತಕ್ಕಡಿಯ ಯಂತ್ರಕ್ಕಾಗಲಿ ಹೊಸತು ಹಳತು ಗೊತ್ತಾಗುವುದಿಲ್ಲ, ಎರಡೂ ಅದನ್ನೂ ಸೇರಿಸಿಯೇ ಅಳೆಯುತ್ತವೆ. ಎಸ್ಪ್ರೆಸೊ ಕುಡಿಯುವವರು ಬೆಳಿಗ್ಗೆ ಎರಡು ಮೂರು ಗ್ರಾಂ ಬೀಸಿ ಗಿಡದ ಬುಡಕ್ಕೆ ಹಾಕಿಬಿಡಿ. ಕೊಳ್ಳುವಾಗಲೇ ಕೊಳವೆ ಗಿಡ್ಡವಾಗಿ ನೇರ ಕೆಳಗಿಳಿಯುವುದನ್ನು ಆರಿಸಿದರೆ ಈ ನಷ್ಟ ಕಡಿಮೆ. ಅಡ್ಡಲಾಗಿ ಉದ್ದ ಹೋಗುವ ಕೊಳವೆ ಹೆಚ್ಚು ಪುಡಿ ಹಿಡಿಯುತ್ತದೆ.

ತೂಗುವ ಯಂತ್ರವೇ ತಂದಿದ್ದೇವೆ, ಆದರೂ ಒಮ್ಮೊಮ್ಮೆ ಒಂದು ಗ್ರಾಂ ತಪ್ಪುತ್ತದೆ.

ತಲೆಯ ಮೇಲೆ ಫ್ಯಾನ್ ತಿರುಗುತ್ತಿದೆಯೇ? ವಿಜಯಪುರದಿಂದ ಬಂದ ಇಂಥ ಎರಡು ಫೋನಿಗೂ ಕಾರಣ ಅದೇ ಆಗಿತ್ತು. ಫ್ಯಾನಿನ ಗಾಳಿ ಬಟ್ಟಲನ್ನು ಒತ್ತುತ್ತದೆ, ತಕ್ಕಡಿ ಅದನ್ನೂ ತೂಕವೆಂದು ಓದುತ್ತದೆ. ಫ್ರಿಜ್ ಇರುವ ಕಟ್ಟೆ ನಡುಗಿದರೂ ಹೀಗೇ. ಕಲ್ಲಿನ ಕಟ್ಟೆಯ ಮೇಲೆ, ಗೋಡೆಗೆ ತಾಗದಂತೆ ಇಡಿ, ಬೀಸುವ ಹತ್ತು ಸೆಕೆಂಡ್ ಫ್ಯಾನ್ ನಿಲ್ಲಿಸಿ. ಮೋಟರ್ ನಿಂತ ಮೇಲೂ ಗಾಳಿಯಲ್ಲಿರುವ ಪುಡಿ ಬಟ್ಟಲಿಗೆ ಬೀಳುತ್ತದೆ, ಹಾಗಾಗಿ ಯಂತ್ರ ಚೂರು ಮುಂಚೆಯೇ ನಿಲ್ಲಬೇಕು. ಬೀಜ ಬದಲಿಸಿದ ಮೇಲೆ ಆ ಅಂದಾಜು ಕೂರಲು ಕೆಲವು ಸಲ ಬೀಸಬೇಕಾಗುತ್ತದೆ.

ನಾನು ಉದ್ಯಮಬಾಗದಾಗ ಲೇತ್ ಮ್ಯಾಲೆ ಕೆಲಸ ಮಾಡ್ತೀನಿ. ಬರ್ ಜೋಡಿ ಸರಿ ಕೂತಿಲ್ಲ ಅಂತ ಅನುಮಾನ. ನಾನೇ ಸರಿ ಮಾಡ್ಕೋಬಹುದೇನು?

ನಿಮ್ಮಂಥವರು ಕೇಳಿದ್ದಕ್ಕೆ ಸಂತೋಷ. ಎರಡು ಚಪ್ಪಟೆ ಬರ್ ಸಮಾನಾಂತರ ಇಲ್ಲದಿದ್ದರೆ ಒಂದು ಕಡೆ ಸಂದು ಕಿರಿದು, ಇನ್ನೊಂದು ಕಡೆ ಅಗಲ, ಒಂದೇ ಸುತ್ತಿನಲ್ಲಿ ಧೂಳೂ ತರಿಯೂ ಬರುತ್ತವೆ. ನುಣುಪೇ ಒಂದೇ ಸಮ ಇಲ್ಲದಿದ್ದರೆ ಅಳತೆ ಎಷ್ಟು ನಿಕ್ಕಿಯಿದ್ದು ಏನು ಬಂತು?

ಗ್ಯಾರಂಟಿ ಮುಗಿದಿದ್ದರೆ ಮಾತ್ರ ಕೈ ಹಾಕಿ. ಪ್ಲಗ್ ತೆಗೆದು, ಬರ್ ಕೂರುವ ಜಾಗವನ್ನು ಮೊದಲು ಚೊಕ್ಕ ಮಾಡಿ. ಅರ್ಧ ಸಲ ತಪ್ಪಿರುವುದು ಅಡಿಯಲ್ಲಿ ಸಿಕ್ಕ ಒಂದು ಕಣ ಪುಡಿಯಿಂದ. ಆಮೇಲೆ ಬರ್‌ನ ಹೊರ ಅಂಚಿಗೆ ಬೋರ್ಡ್ ಮೇಲೆ ಬರೆಯುವ ಮಾರ್ಕರ್ ಬಳಿದು ಜೋಡಿಸಿ, ಒಂದಕ್ಕೊಂದು ತಾಗಿತು ಅನ್ನುವವರೆಗೆ ಸಂದು ಮುಚ್ಚುತ್ತ ಕೈಯಿಂದಲೇ ತಿರುಗಿಸಿ. ಬಿಚ್ಚಿ ನೋಡಿದರೆ ಬಣ್ಣ ಅಳಿಸಿದ ಕಡೆ ಎತ್ತರ, ಉಳಿದ ಕಡೆ ತಗ್ಗು. ತಗ್ಗಿನ ಕಡೆ ಬರ್‌ನ ಕೆಳಗೆ ಅಲ್ಯೂಮಿನಿಯಂ ಹಾಳೆಯ ಒಂದು ತುಣುಕು ಕೊಟ್ಟು ಮತ್ತೆ ಬಣ್ಣ ಬಳಿಯಿರಿ. ಸುತ್ತಲೂ ಒಂದೇ ಸಮ ಅಳಿಸುವವರೆಗೆ ಇದೇ ಕೆಲಸ. ಸ್ಕ್ರೂಗಳನ್ನು ಒಂದನ್ನೇ ಪೂರ್ತಿ ಬಿಗಿಯದೆ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಅದು ನಿಮಗೆ ಹೇಳಿಕೊಡಬೇಕಾಗಿಲ್ಲ. ಮುಗಿದ ಮೇಲೆ ಮಾರ್ಕರ್ ಬಣ್ಣ ಪೂರ್ತಿ ಒರೆಸಿ, ಒಂದು ಹಿಡಿ ಹಳೆ ಬೀಜ ಬೀಸಿ ಚೆಲ್ಲಿ. ಹಳೆಯ ಅಂಕಿಗಳು ಇನ್ನು ಹೊಂದುವುದಿಲ್ಲ, ನುಣುಪು ಹೊಸದಾಗಿ ಹುಡುಕಿ ಸೆಕೆಂಡನ್ನು ಮತ್ತೆ ತೂಗಿ ಇಡಬೇಕಾಗುತ್ತದೆ.